ಇಂಪ್ಲಾಂಟಿನ ಸುತ್ತಣ ಅಸ್ಥಿಕ್ಷಯವೂ ಕ್ಷ-ಕಿರಣದ ಸಾಕ್ಷ್ಯವೂ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಅವರು 1965ರಲ್ಲಿ ರೋಗಿಯೊಬ್ಬರ ದವಡೆಯಲ್ಲಿ ಟೈಟೇನಿಯಂ ತಿರುಪುಗಳನ್ನು ನೆಟ್ಟು, ಜೀವವಿರುವ ಅಸ್ಥಿಯು ಲೋಹವನ್ನು ಪರವಸ್ತುವೆಂದು ತಳ್ಳಿಹಾಕದೆ ಅದರೊಡನೆ ಬೆಸೆದುಕೊಳ್ಳಬಲ್ಲದೆಂಬುದನ್ನು ಮಾನವದೇಹದಲ್ಲಿಯೇ ತೋರಿಸಿಕೊಟ್ಟ ಮೇಲೆ, ದಂತವೈದ್ಯದ ಮುಂದೆ ಹೊಸದೊಂದು ಪ್ರಶ್ನೆ ಎದ್ದಿತು: ಆ ಬೆಸುಗೆ ಉಳಿದಿದೆಯೆ, ಅಥವಾ ಒಳಗೊಳಗೇ ಸವೆಯುತ್ತಿದೆಯೆ ಎಂದು ತಿಳಿಯುವ ಬಗೆ ಯಾವುದು? ಸಹಜವಾದ ಹಲ್ಲಿಗೂ ದವಡೆಗೂ ನಡುವೆ ಇರುವ ನಾರಿನ ಪೊರೆ ಹೀಗೆ ನೆಟ್ಟ ತಿರುಪಿಗೆ, ಅಂದರೆ ಇಂಪ್ಲಾಂಟಿಗೆ, ಇಲ್ಲ. ಆದುದರಿಂದ ಸುತ್ತಣ ಎಲುಬು ಅರ್ಧದಷ್ಟು ಕರಗಿಹೋಗಿದ್ದರೂ, ಮಿಕ್ಕ ಅರ್ಧದ ಹಿಡಿತದಲ್ಲಿ ಅದು ಬಿಗಿಯಾಗಿಯೇ ನಿಂತಿರುತ್ತದೆ, ಬಹುಮಟ್ಟಿಗೆ ನೋಯಿಸುವುದೂ ಇಲ್ಲ. ಅಲುಗತೊಡಗಿತೆಂದರೆ ಉಳಿಸಿಕೊಳ್ಳುವ ಕಾಲ ಸಾಮಾನ್ಯವಾಗಿ ಮೀರಿರುತ್ತದೆ. ಕಣ್ಣಿಗೂ ಬೆರಳಿಗೂ ನಿಲುಕದ ಈ ಕ್ಷಯವನ್ನು ಕಾಣಲು ದಂತವೈದ್ಯನು ಮುಖ್ಯವಾಗಿ ಆಶ್ರಯಿಸಿರುವುದು ಕ್ಷ-ಕಿರಣ ಚಿತ್ರವನ್ನು. ಆ ಆಶ್ರಯ ಯೋಗ್ಯವಾದುದೇ. ಆದರೆ ಅದನ್ನು ಬಳಸುವ ರೂಢಿ ಎಲ್ಲೆಡೆಯೂ ಯೋಗ್ಯವಾಗಿಲ್ಲವೆಂಬುದು ನನ್ನ ಅಭಿಪ್ರಾಯ.

ಕ್ರಮವರಿತು ತೆಗೆದ ಚಿಕ್ಕ ಚಿತ್ರವೊಂದನ್ನು ಸಾವಧಾನವಾಗಿ ನೋಡಿದವರಿಗೆ ಅದರ ಬೆಲೆ ತಿಳಿಯುತ್ತದೆ. ಬಾಯೊಳಗಿನ ಸೆನ್ಸರನ್ನು ಹಿಡಿಕೆಯ ನೆರವಿನಿಂದ ಇಂಪ್ಲಾಂಟಿಗೆ ಸಮಾನಾಂತರವಾಗಿ ನಿಲ್ಲಿಸಿ, ಕಿರಣವನ್ನು ಎರಡಕ್ಕೂ ಲಂಬವಾಗಿ ಹಾಯಿಸಿದುದಾದರೆ, ತಿರುಪಿನ ಎಳೆಗಳು ಎಡಬಲಗಳೆರಡರಲ್ಲಿಯೂ ಒಂದೊಂದಾಗಿ, ಮೊನಚಾಗಿ, ಎಣಿಸುವಂತೆ ಮೂಡುತ್ತವೆ. ಕೋನ ತಪ್ಪಿತೆಂದರೆ ಅವು ಒಂದರ ಮೇಲೊಂದು ಬಿದ್ದು ಮಸಕಾಗುತ್ತವೆ. ಹೀಗೆ, ಚಿತ್ರವನ್ನು ನಂಬಬಹುದೇ ಬೇಡವೇ ಎಂಬುದಕ್ಕೆ ಚಿತ್ರದೊಳಗೇ ಪ್ರಮಾಣವಿದೆ. ಅಳತೆಗೋಲು ಸಹ ಅದರೊಳಗೇ ಇದೆ: ಬ್ರೋನೆಮಾರ್ಕರ ಮೂಲ ತಿರುಪಿನಲ್ಲಿ ಎಳೆಯಿಂದ ಎಳೆಗೆ 0.6 ಮಿಲಿಮೀಟರ್ ಅಂತರವಿದ್ದುದರಿಂದ, ಐದು ಎಳೆಗಳ ಬದಿಯಲ್ಲಿ ಎಲುಬು ಕಾಣದಿದ್ದರೆ ನಷ್ಟ 3 ಮಿಲಿಮೀಟರ್ ಎಂದು ಲೆಕ್ಕ ಹಾಕಬಹುದು. ಇಂದಿನ ತಯಾರಿಕೆಗಳಲ್ಲಿ ಆ ಅಂತರ ಬೇರೆ ಬೇರೆಯಾದುದರಿಂದ, ಯಾವ ಮಾದರಿಯ ಇಂಪ್ಲಾಂಟ್ ಎಂಬುದು ರೋಗಿಯ ದಾಖಲೆಯಲ್ಲಿ ಬರೆದಿರಲೇಬೇಕು.

ಇಷ್ಟಾದರೂ ಚಿತ್ರವೆಂಬುದು ನೆರಳು. ಇಂಪ್ಲಾಂಟಿನ ಎರಡು ಪಕ್ಕಗಳಲ್ಲಿರುವ ಎಲುಬನ್ನಷ್ಟೇ ಅದು ತೋರಿಸುತ್ತದೆ; ಕೆನ್ನೆಯ ಕಡೆಯ ತೆಳುವಾದ ಗೋಡೆಯೂ ನಾಲಗೆಯ ಕಡೆಯ ಗೋಡೆಯೂ ಲೋಹದ ಬಿಳುಪಿನಲ್ಲಿ ಮುಚ್ಚಿಹೋಗುತ್ತವೆ. ಕೆನ್ನೆಯ ಕಡೆ ಎಲುಬು ಪೂರ್ತಿಯಾಗಿ ಹೋಗಿದ್ದರೂ ಚಿತ್ರವು ನಿರ್ದೋಷವಾಗಿ ಕಾಣಬಹುದು. ಖನಿಜಾಂಶ ಸಾಕಷ್ಟು ಕರಗಿದ ಮೇಲಲ್ಲದೆ ನಷ್ಟವು ಕಣ್ಣಿಗೆ ಬೀಳದು. ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು: ಚಿತ್ರವನ್ನು ಹರಿತಗೊಳಿಸುವ ಕಂಪ್ಯೂಟರಿನ ಸಂಸ್ಕರಣೆಯು ಲೋಹದ ಅಂಚಿನುದ್ದಕ್ಕೂ ಇಲ್ಲದ ಕಪ್ಪು ಗೆರೆಯೊಂದನ್ನು ಎಳೆಯುತ್ತದೆ; ಅನುಭವವಿಲ್ಲದವನು ಅದನ್ನು ಬೆಸುಗೆ ಬಿಟ್ಟ ಸಂದೆಂದು ತಿಳಿದು, ಗಟ್ಟಿಯಾಗಿರುವ ಇಂಪ್ಲಾಂಟನ್ನು ಕೀಳಿಸಲು ಹೊರಡಬಹುದು. ಮೂರು ಆಯಾಮಗಳ ಕ್ಷ-ಕಿರಣ ಚಿತ್ರಣವಾದ ಸಿಬಿಸಿಟಿ ಈ ಕೊರತೆಯನ್ನೆಲ್ಲ ನೀಗಿಸುವುದೆಂಬ ಆಸೆ ಪೂರ್ಣವಾಗಿ ಕೈಗೂಡಿಲ್ಲ. ಟೈಟೇನಿಯಮ್ಮಿನಿಂದುಂಟಾಗುವ ಕಪ್ಪು ಪಟ್ಟೆಗಳು ಬೀಳುವುದು ನಾವು ನೋಡಬೇಕಾದ ಅಂಚಿನ ಮೇಲೆಯೇ, ಕಿರಣದ ಪ್ರಮಾಣವೂ ಅಧಿಕ.

ಆದರೆ ನಾನು ಹೆಚ್ಚು ಆಕ್ಷೇಪಿಸುವುದು ಉಪಕರಣದ ಮಿತಿಯನ್ನಲ್ಲ, ಆರಂಭದ ಚಿತ್ರವನ್ನು ತೆಗೆದಿಡದ ಔದಾಸೀನ್ಯವನ್ನು. ಅಸ್ಥಿಕ್ಷಯವೆಂಬುದು ಎರಡು ಕಾಲಗಳ ನಡುವಣ ವ್ಯತ್ಯಾಸ. ಒಂದೇ ಚಿತ್ರದಲ್ಲಿ ಕಾಣುವುದು ಮಟ್ಟ ಮಾತ್ರ. ಇಂಪ್ಲಾಂಟಿನ ಮೇಲೆ ಕೃತಕ ಹಲ್ಲಿನ ಕಿರೀಟ ಕೂರಿಸಿದ ದಿನ ಚಿತ್ರವಿಲ್ಲದಿದ್ದರೆ, ಐದು ವರ್ಷಗಳ ಅನಂತರ ಬಟ್ಟಲಾಕಾರದ ಕುಳಿಯೊಂದನ್ನು ಕಂಡ ವೈದ್ಯನು, ಅದು ನೆಡುವಾಗಲೇ ಇದ್ದ ಕೊರತೆಯೋ ಈಚಿನ ರೋಗವೋ ಎಂದು ಹೇಗೆ ನಿರ್ಣಯಿಸಿಯಾನು? 1986ರಲ್ಲಿ ಆಲ್ಬ್ರೆಕ್ಟ್‌ಸನ್ ಮತ್ತು ಸಂಗಡಿಗರು, ಮೊದಲ ವರ್ಷ ಕಳೆದ ಮೇಲೆ ವಾರ್ಷಿಕ ನಷ್ಟವು 0.2 ಮಿಲಿಮೀಟರಿಗಿಂತ ಕಡಿಮೆಯಿರಬೇಕೆಂಬ ಮಾನದಂಡವನ್ನಿತ್ತರು. ಕೋನದಲ್ಲಿ ಸ್ವಲ್ಪ ಏರುಪೇರಾದರೂ ಕೊಚ್ಚಿಹೋಗುವಷ್ಟು ಸೂಕ್ಷ್ಮವಾದ ಈ ಅಳತೆಯನ್ನು ಒಂದು ವರ್ಷದ ಜೋಡಿ ಚಿತ್ರಗಳಿಂದ ಸಾಧಿಸುತ್ತೇವೆಂಬುದು ದುಸ್ಸಾಹಸ. ಒಂದೇ ಕ್ರಮದಲ್ಲಿ ಹಲವು ವರ್ಷ ತೆಗೆದ ಸರಣಿಯಲ್ಲಿ ಮಾತ್ರ ಅದಕ್ಕೆ ಅರ್ಥ ಬರುತ್ತದೆ. ನೋವು ಬಂದಾಗ ಮಾತ್ರ ಬರುವ ರೋಗಿಗೆ ಅವಸರದಲ್ಲೊಂದು ಓಪಿಜಿ, ಅಂದರೆ ಇಡೀ ದವಡೆಯ ಚಿತ್ರ, ತೆಗೆಸಿ, ಮುಂಬಾಯಿಯ ಭಾಗದಲ್ಲಿ ಬೆನ್ನೆಲುಬಿನ ನೆರಳು ಬಿದ್ದ ಆ ಹಿಗ್ಗಿದ ಚಿತ್ರದ ಮೇಲೆ ಮಿಲಿಮೀಟರುಗಳನ್ನು ಗುರುತಿಸುವುದು ಪರೀಕ್ಷೆಯ ಹೆಸರಿಗೆ ತಕ್ಕುದಲ್ಲ.

ಅಮೆರಿಕ ಮತ್ತು ಯೂರೋಪಿನ ಒಸಡುತಜ್ಞರು ಕೂಡಿ 2017ರಲ್ಲಿ ಷಿಕಾಗೊದಲ್ಲಿ ರೂಪಿಸಿದ ವರ್ಗೀಕರಣವು ಆರಂಭದ ಚಿತ್ರದ ಈ ಅಗತ್ಯವನ್ನು ಮನಗಂಡಿದೆ. ಹಳೆಯ ಚಿತ್ರವಿಲ್ಲದಾಗ ಎಲುಬಿನ ಮಟ್ಟ ಇಂಪ್ಲಾಂಟಿನ ಎಲುಬಿನೊಳಗಿನ ಭಾಗದ ಮೇಲಂಚಿಗಿಂತ 3 ಮಿಲಿಮೀಟರ್ ಅಥವಾ ಹೆಚ್ಚು ಕೆಳಗಿದ್ದು, ಒಸಡಿನ ಆಳ ಅಳೆಯುವ ಪ್ರೋಬು 6 ಮಿಲಿಮೀಟರ್ ಅಥವಾ ಹೆಚ್ಚು ಆಳಕ್ಕಿಳಿದು, ರಕ್ತವೋ ಕೀವೋ ಬಂದರೆ ರೋಗವೆಂದು ನಿರ್ಧರಿಸಬಹುದೆಂದು ಅದು ಹೇಳುತ್ತದೆ. ನಷ್ಟ ಇಷ್ಟು ಮುಂದುವರಿಯುವವರೆಗೆ ಕಾಯಬೇಕಾಗಿ ಬಂದುದು ಆ ಮೊದಲ ಚಿತ್ರದ ಅಭಾವದಿಂದಲೇ ಅಲ್ಲವೆ? ಚಿತ್ರವು ಎಲುಬು ಇದುವರೆಗೆ ಪಟ್ಟ ಪಾಡನ್ನು ಹೇಳುತ್ತದೆ; ಇಂದು ಒಸಡಿನಲ್ಲಿ ಉರಿಯೂತವಿದೆಯೆ ಎಂದು ಹೇಳುವುದು ಪ್ರೋಬಿನ ತುದಿಗಂಟಿದ ರಕ್ತ. ಆದುದರಿಂದ ಕಿರೀಟ ಕೂರಿಸಿದ ದಿನವೇ ಸಮಾನಾಂತರ ಚಿತ್ರವೊಂದನ್ನು ತೆಗೆದು, ಒಸಡಿನ ಆಳವನ್ನು ಪ್ರೋಬಿನಿಂದ ಅಳೆದು ಬರೆದು, ಊರು ಬಿಟ್ಟು ಹೋದರೂ ಮುಂದಿನ ವೈದ್ಯರಿಗೆ ತೋರಿಸಲು ಒದಗುವಂತೆ ಎರಡರ ಪ್ರತಿಯನ್ನೂ ರೋಗಿಯ ಕೈಗೇ ಕೊಡತಕ್ಕದ್ದು.