ಆಮೀನ್ ಹೇಳುವವರು

ಬಾನು ಮುಷ್ತಾಕ್ ಅವರ ‘ಒಮ್ಮೆ ಹೆಣ್ಣಾಗು ಪ್ರಭುವೇ’ ಕಥೆಯನ್ನು ಕಳೆದ ವರ್ಷ ನನ್ನ ಪದವಿ ತರಗತಿಯಲ್ಲಿ ಓದಿಸಿದೆ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ 1979ರಿಂದ ಶುರುಮಾಡಿ, ಲಂಕೇಶ್ ಪತ್ರಿಕೆ, ಸಾರಾ ಅಬೂಬಕ್ಕರ್, ‘ಚಂದ್ರಗಿರಿಯ ತೀರದಲ್ಲಿ’ ಎಲ್ಲವನ್ನೂ ಹೇಳಿ, ಕಥೆಗೆ ಬಂದು, ಇದು ದೇವರ ವಿರುದ್ಧವೇ ಹೂಡಿದ ಬಂಡಾಯ ಎಂದು ಬೋರ್ಡಿನ ಮೇಲೆ ಬರೆದೂ ಆಯಿತು. ಪಾದರಾಯನಪುರದಿಂದ ಬರುವ ಒಬ್ಬ ಹುಡುಗಿ ಎದ್ದು ನಿಂತಳು. “ಸರ್, ನಮ್ಮನೇಲಿ ರಂಜಾನ್ ರಾತ್ರಿ ಅಮ್ಮಿ ದುಆ ಕೇಳೋದು ಹೀಗೇನೇ. ಇದನ್ನ ಬಂಡಾಯ ಅಂತ ಯಾಕಂತೀರಾ?”

ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದಿದ್ದುದಕ್ಕಿಂತ ಹೆಚ್ಚು ಕಾಡಿದ್ದು, ಕರಾವಳಿಯ ಬ್ಯಾರಿ ಮನೆಯಲ್ಲಿ ಹುಟ್ಟಿ, ಹನ್ನೆರಡು ವರ್ಷದಿಂದ ವಿಜಯನಗರದ ಮಸೀದಿಯಲ್ಲಿ ತರಾವೀಹ್‌ಗೆ ನಿಲ್ಲುತ್ತಿರುವ ನನಗೇ ಈ ಹೋಲಿಕೆ ಕಾಣದೆ ಹೋದದ್ದು. ವಿಮರ್ಶೆಯ ಕನ್ನಡಕ ಹಾಕಿಕೊಳ್ಳುವಾಗ ನಾನು ಟೋಪಿಯನ್ನು ತೆಗೆದಿಟ್ಟುಬಿಡುತ್ತೇನೆ ಅಂತ ಕಾಣುತ್ತದೆ.

ತೊಡಕು ಒಂದು ಪದದಿಂದಲೇ ಶುರುವಾಗುತ್ತದೆ. ಹಬ್ಬದ ಮಾರನೆಯ ದಿನದ ಪತ್ರಿಕೆಯಲ್ಲಿ ‘ಈದ್ಗಾ ಮೈದಾನದಲ್ಲಿ ಸಾಮೂಹಿಕ ಪ್ರಾರ್ಥನೆ’ ಎಂದಿರುತ್ತದೆ. ಅಲ್ಲಿ ಪ್ರಾರ್ಥನೆ ಅಂದರೆ ನಮಾಜು. ಅದಾದ ಮೇಲೆ ಮಳೆ ಬೆಳೆಗೆಂದು ಕೈಯೆತ್ತಿ ಬೇಡಿದ್ದೂ ಪ್ರಾರ್ಥನೆಯೇ. ಕನ್ನಡದ ಒಂದೇ ಪದ ಎರಡನ್ನೂ ಹೊತ್ತುಕೊಂಡಿದೆ. ಆದರೆ ಅವು ಬೇರೆ ಬೇರೆ. ನಮಾಜಿಗೆ ಹೊತ್ತು, ದಿಕ್ಕು, ಭಂಗಿ, ಮಾತು ಎಲ್ಲವೂ ಗೊತ್ತುಮಾಡಿದ್ದು. ದುಆ ಎಂಬ ಅರಬಿ ಪದದ ಮೂಲಾರ್ಥ ಕರೆಯುವುದು. ಅದು ನಮಾಜಿನ ಒಳಗೂ ಬರುತ್ತದೆ, ಅದರ ಹೊರಗೆ ನಿಮ್ಮದೇ ಭಾಷೆಯಲ್ಲಿ, ನಿಮ್ಮದೇ ತೊದಲಿನಲ್ಲಿ, ಬಸ್ಸಿನಲ್ಲಿ ಕೂತೂ ನಡೆಯುತ್ತದೆ. ಕನ್ನಡದಲ್ಲಿ ಇದಕ್ಕೆ ಹತ್ತಿರವಾದ ಪದ ‘ಮೊರೆ’. ಮೊರೆಯಿಡುವುದು, ಮೊರೆಹೋಗುವುದು. ಅದರಲ್ಲಿ ಬೇಡಿಕೆಗಿಂತ ಮೊದಲು ದನಿಯಿದೆ. ಕಡಲೂ ಮೊರೆಯುತ್ತದೆಯಲ್ಲ.

ಈ ದನಿ ಯಾರದು, ಒಬ್ಬರದೋ ಹಲವರದೋ ಎಂಬುದು ರಂಜಾನ್ ರಾತ್ರಿಗಳಲ್ಲಿ ನನಗೆ ಪ್ರತಿವರ್ಷ ಎದುರಾಗುವ ಪ್ರಶ್ನೆ. ಯಾಕೆಂದರೆ ನಾನು ಶಾಫಿಈ ಪದ್ಧತಿಯವನು, ನಿಲ್ಲುವುದು ಹನಫಿ ಮಸೀದಿಯಲ್ಲಿ. ಇಶಾ ಮುಗಿದು, ಇಪ್ಪತ್ತು ರಕಅತ್ ತರಾವೀಹ್ ಮುಗಿದು, ಕೊನೆಗೆ ಮೂರು ರಕಅತ್‌ಗಳ ವಿತ್ರ್. ಅದರ ಮೂರನೆಯದರಲ್ಲಿ ‘ಕುನೂತ್’ ಎಂಬ ದುಆ. ಹನಫಿಗಳು ಅದನ್ನು ವರ್ಷವಿಡೀ ಹೇಳುತ್ತಾರೆ. ಬಾಗುವುದಕ್ಕೆ ಮೊದಲು, ಮತ್ತೊಮ್ಮೆ ಕೈಯೆತ್ತಿ ಕಟ್ಟಿ, ಮನಸ್ಸಿನೊಳಗೇ. ನಮ್ಮ ಕಡೆ ವಿತ್ರ್‌ನ ಕುನೂತ್ ಬರುವುದು ರಂಜಾನಿನ ಉತ್ತರಾರ್ಧದಲ್ಲಿ ಮಾತ್ರ, ಹದಿನಾರನೆಯ ರಾತ್ರಿಯಿಂದ. ಬಾಗಿ ಎದ್ದ ಮೇಲೆ, ಅಂಗೈ ತೆರೆದು, ಉಸ್ತಾದರು ಗಟ್ಟಿಯಾಗಿ ಹೇಳುವಂಥದ್ದು. ಹಿಂದೆ ನಿಂತವರ ಆಮೀನ್ ಅಲೆಯ ಹಾಗೆ ಬರುತ್ತದೆ. ಹದಿನಾರನೆಯ ರಾತ್ರಿ ಇಲ್ಲಿ ಬಾಗಿ ಎದ್ದ ಕೂಡಲೇ ನನ್ನ ಕೈಗಳು ತಾವಾಗಿ ಮೇಲೇಳಲು ಹವಣಿಸುತ್ತವೆ. ಅಷ್ಟರಲ್ಲಿ ಇಡೀ ಸಾಲು ಸಜ್ದಾಕ್ಕೆ ಇಳಿದಿರುತ್ತದೆ.

ಎರಡೂ ಕಡೆಯ ಪಠ್ಯಗಳು ಬೇರೆ. ಅವನ್ನು ಪಕ್ಕಪಕ್ಕ ಇಟ್ಟು ಓದಿದರೆ ವಿಮರ್ಶಕನಿಗೆ ಹಬ್ಬ. ನಮ್ಮ ಕಡೆಯದು ಪ್ರವಾದಿಯವರು ಮೊಮ್ಮಗ ಹಸನ್‌ಗೆ ಕಲಿಸಿಕೊಟ್ಟದ್ದು. ಅಜ್ಜ ಮೊಮ್ಮಗನಿಗೆ ಹೇಳಿಕೊಟ್ಟದ್ದಾದ್ದರಿಂದ ಏಕವಚನದಲ್ಲಿದೆ, ‘ನನ್ನನ್ನು’ ಎಂದು. ಐದು ಕೋರಿಕೆಗಳು: ದಾರಿ, ಕ್ಷೇಮ, ಆಸರೆ, ಕೊಟ್ಟದ್ದರಲ್ಲಿ ಬರಕತ್ತು, ಮತ್ತು ಅವನೇ ವಿಧಿಸಿದ್ದರ ಕೆಡುಕಿನಿಂದ ಕಾಪು. ಆಮೇಲೆ ಬರುವುದು ಸ್ತುತಿ. ಹನಫಿಗಳ ಕುನೂತ್ ಮೊದಲಿಂದ ಕೊನೆಯವರೆಗೆ ಬಹುವಚನ. ಮನೆಯಲ್ಲಿ ಒಬ್ಬರೇ ನಿಂತು ಹೇಳಿದರೂ ‘ನಾವು’. ಇನ್ನೂ ಸೋಜಿಗವೆಂದರೆ ಅದರಲ್ಲಿ ‘ಕೊಡು’, ‘ಮಾಡು’ ಎಂಬ ಒಂದು ಕ್ರಿಯಾಪದವೂ ಇಲ್ಲ. ನೆರವು ಯಾಚಿಸುತ್ತೇವೆ, ನಂಬುತ್ತೇವೆ, ಕೃತಜ್ಞರಾಗಿದ್ದೇವೆ, ಹಂಬಲಿಸುತ್ತೇವೆ, ಅಂಜುತ್ತೇವೆ, ಹೀಗೆ ತಮ್ಮ ಇರವನ್ನು ಹೇಳಿಕೊಳ್ಳುವುದಷ್ಟೇ. ಅಂದರೆ ವಿಜಯನಗರದಲ್ಲಿ ಪ್ರತಿಯೊಬ್ಬನೂ ತನ್ನೊಳಗೆ ಒಂಟಿಯಾಗಿ ‘ನಾವು’ ಎನ್ನುತ್ತಿರುತ್ತಾನೆ. ನಮ್ಮೂರಿನಲ್ಲಿ ‘ನಾನು’ ಎಂದಿರುವ ಪಠ್ಯವನ್ನು ಒಬ್ಬರು ಎಲ್ಲರ ಪರವಾಗಿ ತಿದ್ದುತ್ತಾರೆ.

ತಿದ್ದುವುದು ಅಂದೆ. ಜಮಾಅತ್‌ಗೆ ನಿಂತ ಇಮಾಮರು ಇಲ್ಲಿ ಏಕವಚನ ಬಿಟ್ಟು ಬಹುವಚನ ಬಳಸಬೇಕೆಂದು ಶಾಫಿಈ ಗ್ರಂಥಗಳು ಹೇಳುತ್ತವೆ. ಅರಬಿಯಲ್ಲಿ ಇದಕ್ಕೆ ಬೇಕಾದದ್ದು ಒಂದು ಸ್ವರದ ಬದಲಾವಣೆ: ಕ್ರಿಯಾಪದದ ಕೊನೆಯ ‘ನೀ’ ಹೋಗಿ ‘ನಾ’ ಆಗುತ್ತದೆ. ‘ನೀ’ ಅಂದರೆ ನನ್ನನ್ನು, ‘ನಾ’ ಅಂದರೆ ನಮ್ಮನ್ನು. ಕನ್ನಡದ ಕಿವಿಗೆ ಇದು ತಲೆಕೆಳಗಾಗಿ ಕೇಳಿಸುತ್ತದೆ. ಹುಡುಗನಾಗಿದ್ದಾಗ ನನಗೆ ಉಸ್ತಾದರು ‘ನಾ, ನಾ’ ಎಂದು ತಮ್ಮ ಬಗ್ಗೆಯೇ ಹೇಳಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ನಿಜದಲ್ಲಿ ಅವರು ತಮ್ಮನ್ನು ಸಾಲಿನೊಳಗೆ ಕರಗಿಸಿಕೊಳ್ಳುತ್ತಿದ್ದರು. ಇನ್ನೊಂದು ಗಮನಿಸಿ: ಕೋರಿಕೆ ಇರುವಷ್ಟು ಹೊತ್ತು ಆಮೀನ್ ಇರುತ್ತದೆ, ಸ್ತುತಿ ಶುರುವಾದೊಡನೆ ನಿಂತುಹೋಗುತ್ತದೆ. ಅರಬಿಯ ಒಂದಕ್ಷರದ ಅರ್ಥ ತಿಳಿಯದವರಿಗೂ ಆ ಪಠ್ಯದ ವ್ಯಾಕರಣ ಕಿವಿಯಿಂದ ಗೊತ್ತು.

ದೇವರಿಗೆ ‘ಕೊಡು’ ಎನ್ನುವುದು ಆಜ್ಞೆಯಲ್ಲವೇ? ಅರಬಿ ಅಲಂಕಾರಶಾಸ್ತ್ರ ಇದನ್ನು ನೇರವಾಗಿ ಕೈಗೆತ್ತಿಕೊಂಡಿದೆ. ಒಂದೇ ಕ್ರಿಯಾರೂಪ ಮೇಲಿನಿಂದ ಕೆಳಗೆ ಹೋದರೆ ಆಜ್ಞೆ, ಸಮಾನರ ನಡುವೆ ಕೋರಿಕೆ, ಕೆಳಗಿನಿಂದ ಮೇಲಕ್ಕೆ ಹೋದರೆ ಅದರ ಹೆಸರು ದುಆ. ಪದ ಬದಲಾಗಿಲ್ಲ, ನಿಂತ ಜಾಗ ಬದಲಾಗಿದೆ. ಕನ್ನಡಕ್ಕೂ ಇದು ಹೊಸದಲ್ಲ. ಎದುರುಮನೆಯ ಮಾವನಿಗೆ ‘ನೀವು’ ಎನ್ನುವ ನಾವು ದೇವರಿಗೆ ‘ನೀನು’ ಎನ್ನುತ್ತೇವೆ. ವಚನಕಾರರು ಹಾಗೆಯೇ ಕರೆದರು, ದಾಸರೂ ಹಾಗೆಯೇ. ಉರ್ದುವಿನಲ್ಲಿಯೂ ಅಲ್ಲಾಹನಿಗೆ ‘ತೂ’. ಮರ್ಯಾದೆಯ ಬಹುವಚನ ಇಟ್ಟರೆ ಅಂತರ ಹೆಚ್ಚಿಬಿಡುತ್ತದೆ. ಒಂದು ವ್ಯತ್ಯಾಸ ಮಾತ್ರ ಇದೆ. ವಚನದಲ್ಲಿ ಕರೆ ಕೊನೆಗೆ ಬರುತ್ತದೆ. ಕೂಡಲಸಂಗಮದೇವ ಎಂದೋ ಚೆನ್ನಮಲ್ಲಿಕಾರ್ಜುನ ಎಂದೋ ಅಂಕಿತ ಬೀಳುವವರೆಗೆ ಮಾತು ನಮ್ಮನ್ನೂ ಉದ್ದೇಶಿಸಿರಬಹುದು, ತನ್ನನ್ನೇ ಉದ್ದೇಶಿಸಿರಬಹುದು. ದುಆ ಕರೆಯಿಂದಲೇ ಶುರು. ಯಾರೊಡನೆ ಮಾತು ಎಂಬುದು ಮೊದಲೇ ಇತ್ಯರ್ಥವಾಗಿ, ಉಳಿದವರೆಲ್ಲ ಪಕ್ಕದಲ್ಲಿ ನಿಂತು ಕೇಳಿಸಿಕೊಂಡವರಾಗುತ್ತೇವೆ.

ತರಾವೀಹ್‌ನಲ್ಲಿ ದಿನಕ್ಕೊಂದು ಜುಝ್‌ನಂತೆ ಓದಿದರೆ, ಹದಿನಾರನೆಯ ರಾತ್ರಿ ಮರ್ಯಮ್ ಅಧ್ಯಾಯ ಬರುತ್ತದೆ. ನಮ್ಮ ಕಡೆ ಗಟ್ಟಿದನಿಯ ಕುನೂತ್ ಶುರುವಾಗುವ ರಾತ್ರಿಯೇ, ಮುದುಕ ಝಕರಿಯಾ ಯಾರಿಗೂ ಕೇಳದ ಹಾಗೆ ಮೆಲುದನಿಯಲ್ಲಿ ಕರೆಯುವ ಪ್ರಸಂಗ. ಅವರು ಮೊದಲು ಹೇಳಿಕೊಳ್ಳುವುದು ತನ್ನ ಮೂಳೆ ಸವೆದದ್ದನ್ನು, ತಲೆ ನರೆತದ್ದನ್ನು. ಎಲ್ಲ ಬಲ್ಲವನಿಗೆ ಇದನ್ನು ಹೇಳುವ ಅಗತ್ಯವೇನಿತ್ತು? ಮಾರನೆಯ ರಾತ್ರಿ ಅಂಬಿಯಾ ಅಧ್ಯಾಯದಲ್ಲಿ ಒಬ್ಬರ ಹಿಂದೆ ಒಬ್ಬರು ಬರುತ್ತಾರೆ. ಅಯ್ಯೂಬರು ತನಗೆ ಕಷ್ಟ ತಾಕಿದೆ ಎಂದು ಹೇಳಿ, ಅವನ ಕರುಣೆಯನ್ನು ನೆನೆದು ಸುಮ್ಮನಾಗುತ್ತಾರೆ, ವಾಸಿಮಾಡು ಎನ್ನುವುದಿಲ್ಲ. ಮೀನಿನ ಹೊಟ್ಟೆಯೊಳಗಿನ ಯೂನುಸರು ತಪ್ಪು ತನ್ನದೆಂದು ಒಪ್ಪಿಕೊಳ್ಳುತ್ತಾರೆ, ಹೊರಗೆ ಬಿಡು ಎನ್ನುವುದಿಲ್ಲ. ಇವುಗಳಲ್ಲಿ ಬೇಡಿಕೆ ಎಂಬುದೇ ಹೆಚ್ಚುಕಡಿಮೆ ಇಲ್ಲ. ತಿಳಿದವನ ಮುಂದೆ ತನ್ನ ಸ್ಥಿತಿಯನ್ನು ಬಾಯಿಬಿಟ್ಟು ಹೇಳುವುದೇ ದುಆದ ಮುಕ್ಕಾಲು ಭಾಗ. ಇದು ಸಾಹಿತ್ಯಕ್ಕೂ ಅಪರಿಚಿತವಲ್ಲ. ಒಳ್ಳೆಯ ಕಥೆಯೂ ನಮಗೆ ಗೊತ್ತಿರುವುದನ್ನೇ ಹೇಳುತ್ತದೆ.

ಇದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು. ಇಪ್ಪತ್ತೇಳನೆಯ ರಾತ್ರಿ ಮೈಕಿನ ಮುಂದೆ ಮುಕ್ಕಾಲು ಗಂಟೆ ಎಳೆಯುವ ದುಆಗಳನ್ನು ಕೇಳಿದ್ದೇನೆ. ಪ್ರಾಸಕ್ಕೆ ಪ್ರಾಸ, ಪಟ್ಟಿಯ ಮೇಲೆ ಪಟ್ಟಿ, ಅಳಬೇಕಾದ ಜಾಗ ಮೊದಲೇ ಗುರುತಾಗಿರುತ್ತದೆ. ದುಆದಲ್ಲಿ ಪ್ರಾಸ ಹೊಸೆಯುವುದು ಅನಪೇಕ್ಷಿತ ಎಂದು ಸಹೀಹ್ ಬುಖಾರಿಯಲ್ಲಿ ಒಂದು ಪ್ರತ್ಯೇಕ ಬಾಬೇ ಇದೆ. ನನ್ನ ಮಟ್ಟಿಗೆ ಅದು ಶೈಲಿ ವಿಮರ್ಶೆಯ ಹಳೆಯ ಒಳ್ಳೆಯ ಮಾದರಿಗಳಲ್ಲಿ ಒಂದು.

ನನ್ನ ಉಮ್ಮ ಯಾವ ಮಸೀದಿಯಲ್ಲೂ ತರಾವೀಹ್‌ಗೆ ನಿಂತವರಲ್ಲ. ಊರಿನಲ್ಲಿ ಹೆಂಗಸರಿಗೆ ಆ ರೂಢಿ ಇರಲಿಲ್ಲ, ಇಲ್ಲಿ ಕೆಂಗೇರಿಯ ನಮ್ಮ ಬಾಡಿಗೆ ಮನೆಗೆ ಬಂದ ಮೇಲೆ ಮಂಡಿ ಬಿಡಲಿಲ್ಲ. ಮಲಗುವ ಕೋಣೆಯಲ್ಲಿ, ಬೀರುವಿಗೂ ಮಂಚಕ್ಕೂ ನಡುವೆ ಮುಸಲ್ಲಾ ಹಾಸಿ ಒಬ್ಬರೇ. ಹಾಗಾಗಿ ಅವರ ಕುನೂತ್ ಇವತ್ತಿಗೂ ಹಸನ್‌ಗೆ ಕಲಿಸಿದ ರೂಪದಲ್ಲೇ ಇದೆ, ‘ನೀ’ ಎಂದೇ ಮುಗಿಯುತ್ತದೆ. ಎಪ್ಪತ್ತು ವರ್ಷದ ಬಾಳಿನಲ್ಲಿ ಅದು ಒಂದು ಸಲವೂ ‘ನಾ’ ಆಗಲಿಲ್ಲ, ಅವರಿಗೆ ಹಿಂದಿನಿಂದ ಆಮೀನ್ ಬರಲಿಲ್ಲ. ಸಲಾಮ್ ಹೇಳಿ ನಮಾಜು ಮುಗಿಸಿದ ಮೇಲೆ ಅವರ ಬ್ಯಾರಿ ಭಾಷೆಯ ದುಆ ಶುರುವಾಗುತ್ತದೆ. ಗಂಡನ ಮನೆಯಿಂದ ಎರಡು ಮಕ್ಕಳೊಂದಿಗೆ ವಾಪಸಾದ ನನ್ನ ತಂಗಿ, ತೆಂಗಿನಕಾಯಿ ಕೀಳುವವನ ಸಾಲ, ಮೇಲಿನ ಮಹಡಿಯ ಗೌಡರ ಅಜ್ಜಿಯ ಕಣ್ಣಿನ ಪೊರೆ. ಎಲ್ಲರ ಹೆಸರು ಹಿಡಿದು. ಅರಬಿಯಲ್ಲಿ ಸಿಗದ ಬಹುವಚನವನ್ನು ಅವರು ಇಲ್ಲಿ ಒಬ್ಬೊಬ್ಬರನ್ನಾಗಿ ಕೂಡಿಸಿಕೊಳ್ಳುತ್ತಾರೆ.

ಬಾನು ಅವರ ಕಥೆಗೆ ಮರಳುತ್ತೇನೆ. ದೀಪಾ ಭಾಸ್ತಿಯವರ ಅನುವಾದದಲ್ಲಿ ಹನ್ನೆರಡು ಕಥೆಗಳ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬುಕರ್ ಪಡೆದ ಮೇಲೆ ಲೋಕವೆಲ್ಲ ಓದಿದ ಪುಸ್ತಕದ ಕಟ್ಟಕಡೆಯ ಕಥೆ ಇದು. ಒಬ್ಬ ಹೆಂಗಸು ತನ್ನ ಬದುಕನ್ನು ದೇವರಿಗೆ ಹೇಳುತ್ತಾಳೆ: ತವರು, ಗಂಡನ ಮನೆ, ಅವನ ಹಣದಾಸೆ, ತಾಯಿಯ ಅಗಲಿಕೆ, ಅವನ ಇನ್ನೊಂದು ಮದುವೆ. ನಾವು ಇದನ್ನು ಓದುವುದು ಒಳಮನೆಗೆ ತೆರೆದ ಕಿಟಕಿಯ ಹಾಗೆ. ಮುಸ್ಲಿಂ ಹೆಣ್ಣಿನ ಸ್ಥಿತಿ ಹೀಗಿದೆ ಎಂಬ ವರದಿಯಾಗಿ. ಕಥೆಗಾರ್ತಿಗೆ ಒಂದು ರೂಪ, ಒಂದು ಪರಂಪರೆ ಇರಬಹುದೆಂದು ನಮಗೆ ಹೊಳೆಯುವುದೇ ಇಲ್ಲ. ವಿವೇಕವಿರುವ ಆ ಹುಡುಗಿಗೆ ಹೊಳೆದದ್ದು ಅದೇ. ಕರೆ, ಸ್ಥಿತಿಯ ನಿವೇದನೆ, ಕೊನೆಗೊಂದು ಕೋರಿಕೆ, ಗೊತ್ತಿರುವವನಿಗೇ ಹೇಳಿಕೊಳ್ಳುವುದು, ‘ನೀನು’. ಝಕರಿಯಾರ ಮೆಲುದನಿಯ ಜಾಡಿನಲ್ಲೇ ಈ ಹೆಣ್ಣು ಮಾತಾಡುತ್ತಾಳೆ. ಹಾಗೆ ನೋಡಿದರೆ ಕಥೆಯ ದೋಷವೂ ಸ್ಪಷ್ಟವಾಗುತ್ತದೆ. ನಡುವೆ ಕಷ್ಟಗಳು ಒಂದರ ಮೇಲೊಂದು ಪೇರಿಸಿಕೊಂಡು, ಇಪ್ಪತ್ತೇಳನೆಯ ರಾತ್ರಿಯ ಪಟ್ಟಿಯ ಕಡೆಗೆ ಸ್ವಲ್ಪ ವಾಲುತ್ತದೆ.

ಆದರೆ ಹುಡುಗಿಯ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ದುಆದಲ್ಲಿ ಮೇರೆ ಮೀರುವುದು ಎಂಬ ಒಂದು ಕಲ್ಪನೆಯನ್ನು ವಿದ್ವಾಂಸರು ಹಿಂದಿನಿಂದ ಚರ್ಚಿಸಿದ್ದಾರೆ. ಅಸಾಧ್ಯವಾದದ್ದನ್ನು ಕೇಳುವುದೂ ಅದರಲ್ಲಿ ಸೇರುತ್ತದೆ. ದೇವರು ಹೆಣ್ಣಾಗಲಿ ಎಂಬುದು ಆ ಮೇರೆಯಾಚೆಗಿನ ಮಾತು. ಬಾನು ಅವರಿಗೆ ಇದು ಗೊತ್ತಿಲ್ಲದೆ ಬರೆದದ್ದಲ್ಲ. ಅಲ್ಲಾಹ್ ಎನ್ನದೆ ‘ಪ್ರಭು’ ಎಂದು ಕರೆದದ್ದರಲ್ಲೂ ಆ ಎಚ್ಚರ ಇದ್ದಿರಬೇಕು. ಆ ಕರೆ ಯಾವ ಮನೆಯ ಹೆಣ್ಣಿನದಾದರೂ ಆಗಬಹುದು. ಕೊನೆಯ ಕೋರಿಕೆಯವರೆಗೆ ದುಆದ ಅದಬ್ ಕಾಪಾಡಿಕೊಂಡು ಬಂದವಳು ಅಲ್ಲಿ ಹೊಸ್ತಿಲು ದಾಟುತ್ತಾಳೆ. ಹೊರಗೆ ನಿಂತು ಕಲ್ಲೆಸೆದವಳಲ್ಲ, ಮುಸಲ್ಲಾದ ಮೇಲೆ ಕೂತೇ ದಾಟಿದವಳು. ಬಂಡಾಯ ಎಂದು ನಾನು ಬೋರ್ಡಿನ ಮೇಲೆ ಬರೆದದ್ದು ತಪ್ಪಲ್ಲ, ಅವಸರದ್ದು.

ಇನ್ನೊಂದು ಇದೆ. ನಮ್ಮ ಕಡೆಯ ಕುನೂತ್ ಏಕವಚನವಾದರೂ ಅದರ ಮೊದಲ ಕೋರಿಕೆಗಳು ಕೇಳುವುದು ಜೊತೆಯನ್ನು: ದಾರಿ ಸಿಕ್ಕವರ ನಡುವೆ, ಕ್ಷೇಮ ಸಿಕ್ಕವರ ನಡುವೆ ನನ್ನನ್ನೂ ಸೇರಿಸಿಕೊ ಎಂಬ ಧಾಟಿ. ಈ ಕಥೆಯ ಹೆಣ್ಣಿಗೆ ಸೇರಿಕೊಳ್ಳಲು ಸಾಲೇ ಇಲ್ಲ. ಅವಳ ‘ನಾನು’ವನ್ನು ತಿದ್ದಿ ‘ನಾವು’ ಮಾಡುವ ಇಮಾಮರೂ ಇಲ್ಲ. ಕೇಳಿಸಿಕೊಂಡು ನಿಂತವರು ಓದುಗರಾದ ನಾವು ಮಾತ್ರ, ಮತ್ತು ನಮ್ಮಲ್ಲಿ ಬಹಳ ಮಂದಿ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆವು.

ಹೋದ ರಂಜಾನಿನಲ್ಲಿ, ಹದಿನೇಳನೆಯದೋ ಹದಿನೆಂಟನೆಯದೋ ರಾತ್ರಿ, ಮಸೀದಿಯಿಂದ ಮೆಟ್ರೋ ಹತ್ತಿ ಕೆಂಗೇರಿಗೆ ಬರುವಷ್ಟರಲ್ಲಿ ಹತ್ತೂವರೆ ದಾಟಿತ್ತು. ಉಮ್ಮ ಇನ್ನೂ ಮುಸಲ್ಲಾದ ಮೇಲೇ ಇದ್ದರು. ಅವರಿಗೆ ಕನ್ನಡ ಓದಲು ಬಾರದು, ಕೇಳಿದರೆ ತಿಳಿಯುತ್ತದೆ. ಕಥೆಯನ್ನು ಓದಿ ಹೇಳಿದೆ. ಪಕ್ಕದ ಕೋಣೆಯಿಂದ ತಂಗಿ ಬಂದು ಬಾಗಿಲಿಗೆ ಒರಗಿ ನಿಂತಳು. ಕೊನೆಯ ಮಾತಿಗೆ ಉಮ್ಮ “ಅಸ್ತಗ್‌ಫಿರುಲ್ಲಾ” ಎನ್ನುತ್ತಾರೆಂದು ಕಾದೆ. ಅನ್ನಲಿಲ್ಲ. ಆಮೀನ್ ಎಂದೂ ಅನ್ನಲಿಲ್ಲ. ಎಷ್ಟೋ ಹೊತ್ತಾದ ಮೇಲೆ ಕೇಳಿದರು:

“ಅದೆಲ್ಲ ಕೇಳಿ ಆದಮೇಲೆ ಅವಳು ಕೈಯನ್ನು ಮುಖಕ್ಕೆ ಸವರಿಕೊಂಡಳಾ ಮೋನೆ, ಇಲ್ಲ ಹಾಗೇ ಚಾಚಿಕೊಂಡೇ ಇದ್ದಾಳಾ?”

ಕಥೆಯಲ್ಲಿ ಅದು ಬರುವುದಿಲ್ಲ ಉಮ್ಮ, ಎಂದೆ.