ಪುಸ್ತಕ ಮುಚ್ಚಿದ ಮೇಲೆ

ಪರೀಕ್ಷೆ ಹತ್ತಿರವಾದಂತೆ ನವಿ ಮುಂಬಯಿಯ ನೆರೂಳದಲ್ಲಿ ಬೆಳಗಿನ ಲೋಕಲ್ ಹತ್ತುವ ಕಾಲೇಜು ಮಕ್ಕಳ ಕೈಗೆ ನೋಟ್ಸ್ ಬರುತ್ತದೆ. ಹಳದಿ ಬಳಿದ ಸಾಲುಗಳ ಮೇಲೆ ಕಣ್ಣು ಓಡುತ್ತದೆ, ಪುಟ ಮುಗಿಯುತ್ತದೆ, ಮತ್ತೆ ಮೊದಲಿಂದ ಶುರು. ಆ ಶ್ರಮ ಕಂಡು ಸಂಕಟವಾಗುತ್ತದೆ. ಓದಿದ್ದನ್ನೇ ಓದಿದರೆ ಬಹಳ ದಿನ ನೆನಪಿನಲ್ಲಿ ಉಳಿಯುವುದು ಕಡಿಮೆ.

ನೆನಪಿನ ಕಲೆಗೆ, ಹಲವರ ಸವಾಲುಗಳಿಗೆ ಒಟ್ಟಿಗೇ ಆಶುಪದ್ಯ ಕಟ್ಟುವ ಅವಧಾನಕ್ಕಿಂತ ದೊಡ್ಡ ಪಾಠಶಾಲೆ ನಾನರಿಯೆ. ಶತಾವಧಾನಿ ಆರ್. ಗಣೇಶರ ಅಷ್ಟಾವಧಾನಕ್ಕೆ ಕೂತವರಿಗೆ ಗೊತ್ತು: ಸವಾಲೊಡ್ಡುವ ಪೃಚ್ಛಕರು ಕೇಳಿದ ಪದ್ಯ ಒಂದೇ ಉಸಿರಿಗೆ ಮುಗಿಯುವುದಿಲ್ಲ. ಮೊದಲ ಸುತ್ತಿನಲ್ಲಿ ಒಂದು ಪಾದ ಮಾತ್ರ. ಆಮೇಲೆ ಪದ್ಯದ ಕೊನೆಯ ಸಾಲು ಕೊಟ್ಟು ಪೂರ್ತಿ ಮಾಡಿಸುವ ಸಮಸ್ಯೆಯವರು, ಕೊಟ್ಟ ಪದಗಳನ್ನು ಪದ್ಯದಲ್ಲಿ ಸೇರಿಸಲು ಹೇಳುವ ದತ್ತಪದಿಯವರು. ನಡುವೆ ಸಂಖ್ಯಾಬಂಧವೆಂಬ ಅಂಕಿಚೌಕದ ಯಾವುದೋ ಮನೆಗೊಂದು ಅಂಕಿ. ಸಾಲದ್ದಕ್ಕೆ ಸಂಬಂಧವಿಲ್ಲದ ಮಾತೆತ್ತಿ ಗಮನ ಕೆಡಿಸುವ ಅಪ್ರಸ್ತುತ ಪ್ರಸಂಗದವರ ತಂಟೆ. ಇಷ್ಟೆಲ್ಲ ಸುತ್ತಿಬಂದು ಎರಡನೆಯ ಪಾದ ಕಟ್ಟುವಾಗ ಮೊದಲನೆಯದು ತಲೆಯಿಂದಲೇ ಎದ್ದು ಬರಬೇಕು. ಕಾಗದ, ಲೇಖನಿ ಇಲ್ಲ. ನಾಲ್ಕು ಸುತ್ತಾದ ಮೇಲೆ ಧಾರಣ, ಪದ್ಯಗಳನ್ನೆಲ್ಲ ಇಡಿಯಾಗಿ ಒಪ್ಪಿಸುವುದು. ಹುಟ್ಟುಪ್ರತಿಭೆ ಎಂದು ಕೈಮುಗಿದು ಎದ್ದು ಬರಬಹುದು. ಪ್ರತಿಭೆ ಹೌದು, ಆದರೆ ಆ ಏರ್ಪಾಟನ್ನೂ ನೋಡಿ: ಮನಸ್ಸನ್ನು ಬೇರೆಡೆ ಹರಿಯಬಿಟ್ಟು, ಬಿಟ್ಟದ್ದನ್ನು ಮತ್ತೆ ಮತ್ತೆ ಎಳೆದು ತರಿಸುತ್ತದೆ.

ಹೀಗೆ ಎಳೆದು ತರುವುದರ ಬಲವನ್ನು ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಅಳೆದು ತೋರಿಸಿದರು. ಗದ್ಯಭಾಗವೊಂದನ್ನು ಎರಡು ಸಲ ಓದಿದವರು ಐದು ನಿಮಿಷದ ಬಳಿಕ ಮುಂದಿದ್ದರು. ವಾರ ಕಳೆದಾಗ ಅವರಲ್ಲಿ ಉಳಿದದ್ದು ಶೇ. 42; ಒಮ್ಮೆ ಓದಿ, ಒಮ್ಮೆ ನೋಡದೆ ಬರೆದವರಲ್ಲಿ ಶೇ. 56.

ಹಾರ್ಬರ್ ಲೈನಿನ ಮಕ್ಕಳೇ, ಜುಯಿನಗರ, ಸಾನ್ಪಾಡಾ ದಾಟುವವರೆಗೆ ಒಂದೇ ಉತ್ತರ ಓದಿ. ವಾಶಿಯಲ್ಲಿ ಪುಸ್ತಕ ಮುಚ್ಚಿಬಿಡಿ. ಗರ್ದಿಯಲ್ಲಿ ನಿಂತವರಿಗೆ ಅದು ಹೇಗೂ ಅನುಕೂಲ. ಅಲ್ಲಿಂದ ಮಾನ್‌ಖುರ್ದ್‌ವರೆಗೆ ಖಾಡಿ ಸೇತುವೆಯ ಉದ್ದ ಹಾದಿ, ನಡುವೆ ನಿಲ್ದಾಣವಿಲ್ಲ. ಓದಿದ್ದನ್ನು ತುಟಿಯೊಳಗೇ ಹೇಳಿಕೊಳ್ಳಿ. ತಡವರಿಸಿದರೆ ತಕ್ಷಣ ಪುಟ ತೆರೆಯಬೇಡಿ, ಒಂದಿಷ್ಟು ಹೆಣಗಿ. ಗೋವಂಡಿಯಲ್ಲಿ ತೆರೆದು ತಪ್ಪಿದ್ದನ್ನಷ್ಟೇ ನೋಡಿ, ಬೇರೆ ಪಾಠಕ್ಕೆ ಹೋಗಿ. ಅಪ್ರಸ್ತುತ ಪ್ರಸಂಗದ ಕೆಲಸವನ್ನು ಡಬ್ಬಿಯ ಗದ್ದಲವೇ ಮಾಡುತ್ತದೆ. ಕುರ್ಲಾ ದಾಟಿದ ಮೇಲೆ ಮೊದಲಿನದನ್ನು ಮತ್ತೆ ಕೇಳಿಕೊಳ್ಳಿ. ಸಂಜೆ ಮರಳುವಾಗ ಇನ್ನೊಮ್ಮೆ, ಮೂರು ದಿನ ಬಿಟ್ಟು ಮತ್ತೊಮ್ಮೆ.

ಇತಿಹಾಸಕ್ಕೆ, ಜೀವಶಾಸ್ತ್ರಕ್ಕೆ ಇಷ್ಟು ಸಾಕು. ರೇಖಾಗಣಿತದ ಪ್ರಮೇಯಗಳಿಗೆ ಸಾಲದು. ಅವಕ್ಕೆ ಮನೆಯಲ್ಲಿ ಖಾಲಿ ಹಾಳೆ ಹರವಿಕೊಂಡು, ಆಕೃತಿಯಿಂದಲೇ ಆರಂಭಿಸಿ, ಕೊನೆಯ ಸಾಲಿನವರೆಗೂ ನೋಡದೆ ಬರೆಯಬೇಕು.