ಡಬ್ಬಿಯ ಮೇಲಿನ ಬೆಳಕು, ಗಿಡಕ್ಕೆ ಸಿಗುವ ಬೆಳಕು

ಈ ಪುಟಗಳಲ್ಲಿ ಪುಸ್ತಕಗಳ ವಿಮರ್ಶೆ ಬರುವುದು ವಾಡಿಕೆ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಒಂದು ರಟ್ಟಿನ ಡಬ್ಬಿ. ಜಲಸಸ್ಯಗಳಿರುವ ಸಿಹಿನೀರಿನ ಅಕ್ವೇರಿಯಮ್ಮಿಗೆಂದು ಮಾರುವ ಎಲ್‌ಇಡಿ ದೀಪದ ಡಬ್ಬಿ ಅದು. ಅದರ ಮೇಲೆ ಮೂರು ಸಂಖ್ಯೆಗಳಿದ್ದವು: 36 ವ್ಯಾಟ್, 3600 ಲ್ಯೂಮೆನ್, 6500 ಕೆಲ್ವಿನ್. ಜೊತೆಗೆ, ಗಿಡಗಳ ಬೆಳವಣಿಗೆಗೆ ಅತ್ಯುತ್ತಮ ಎಂಬ ಭರವಸೆ. ಮೂರು ಸಂಖ್ಯೆಗಳೂ ಸರಿಯೇ ಇರಬಹುದು. ಆದರೆ ಗಿಡ ಕೇಳುವ ಪ್ರಶ್ನೆಗೆ ಅವುಗಳಲ್ಲಿ ಒಂದೂ ಉತ್ತರವಲ್ಲ ಎಂಬುದು ನನ್ನ ತಕರಾರು.

ದೀಪ ಕೊಂಡದ್ದು ನನಗೆ ಪರಿಚಯವಿರುವ ಒಂದು ಪ್ರೌಢಶಾಲೆ. ಹಣ ವಿಜ್ಞಾನ ಸಂಘದ ಮಕ್ಕಳು ಕೂಡಿಸಿದ್ದು. ತೊಟ್ಟಿ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ, 36 ಸೆಂ.ಮೀ. ಎತ್ತರ; ಹಿಡಿಸುವ ನೀರು ಸುಮಾರು 65 ಲೀಟರ್. ಗ್ಯಾಲನ್ನಿಗೆ ಎರಡು ವ್ಯಾಟ್ ಎಂಬ ಹಳೆಯ ಸೂತ್ರ ನೋಡಿ ಶಿಕ್ಷಕರು ದೀಪ ಆರಿಸಿದ್ದರು. ದಿನಕ್ಕೆ ಹತ್ತು ಗಂಟೆ ಉರಿಸಿದರು. ಮೂರು ವಾರಗಳಲ್ಲಿ ಗಾಜಿಗೆಲ್ಲ ಹಸಿರು ಪಾಚಿ ಹಿಡಿಯಿತು, ಕ್ರಿಪ್ಟೊಕೊರೈನ್ ಎಲೆಗಳ ಮೇಲೆ ಕೂದಲಿನಂಥ ಎಳೆಗಳು ಬೆಳೆದವು. ನಾನು ಹೋದಾಗ, ಬೆಳಕು ಸಾಲದೇನೋ ಎಂದು ಎರಡನೆಯ ದೀಪಕ್ಕೆ ಚಂದಾ ಎತ್ತುವ ಮಾತು ನಡೆದಿತ್ತು!

ವ್ಯಾಟ್ ಎಂಬುದು ದೀಪ ನುಂಗುವ ವಿದ್ಯುತ್ತಿನ ಅಳತೆ, ಉಗುಳುವ ಬೆಳಕಿನದಲ್ಲ. ಗ್ಯಾಲನ್ ಸೂತ್ರ ಹುಟ್ಟಿದ್ದು ಟ್ಯೂಬ್‌ಲೈಟುಗಳ ಕಾಲದಲ್ಲಿ. ಆಗ ಎಲ್ಲರ ಬಳಿಯೂ ಹೆಚ್ಚುಕಡಿಮೆ ಒಂದೇ ಬಗೆಯ ದೀಪವಿದ್ದುದರಿಂದ ಅದು ಹೇಗೋ ನಡೆಯುತ್ತಿತ್ತು. ಎಲ್‌ಇಡಿಗೆ ಅದನ್ನು ಅನ್ವಯಿಸುವಂತಿಲ್ಲ. ಕೆಲ್ವಿನ್ ಸಂಖ್ಯೆ ಬೆಳಕು ನಮ್ಮ ಕಣ್ಣಿಗೆ ನೀಲಿಯತ್ತ ವಾಲಿದೆಯೋ ಹಳದಿಯತ್ತ ವಾಲಿದೆಯೋ ಎಂದಷ್ಟೇ ಹೇಳುತ್ತದೆ.

ನಿಜವಾಗಿ ದಾರಿ ತಪ್ಪಿಸುವುದು ಲ್ಯೂಮೆನ್. ಅದು ಮನುಷ್ಯನ ಕಣ್ಣಿನ ಅಳತೆ. ನಮ್ಮ ಕಣ್ಣಿನ ಸಂವೇದನೆ 555 ನ್ಯಾನೋಮೀಟರ್ ತರಂಗದೂರದ ಹಸಿರಿನಲ್ಲಿ ಅತ್ಯಧಿಕ. ಆ ಹಸಿರು ಬೆಳಕಿನ ಒಂದು ವ್ಯಾಟ್ ಎಂದರೆ 683 ಲ್ಯೂಮೆನ್. ಅಷ್ಟೇ ಶಕ್ತಿಯ 450 ನ್ಯಾನೋಮೀಟರಿನ ನೀಲಿಗೆ ಸಿಗುವುದು ಸುಮಾರು 26, 660ರ ಕೆಂಪಿಗೆ ಸುಮಾರು 42. ಗಿಡ ಎಣಿಸುವುದು ಫೋಟಾನುಗಳನ್ನು. ಒಂದು ವ್ಯಾಟ್ ನೀಲಿಯಲ್ಲಿ ಸೆಕೆಂಡಿಗೆ ಸುಮಾರು 3.8 ಮೈಕ್ರೋಮೋಲ್, ಹಸಿರಿನಲ್ಲಿ 4.6, ಕೆಂಪಿನಲ್ಲಿ 5.5 ಮೈಕ್ರೋಮೋಲ್ ಫೋಟಾನುಗಳಿರುತ್ತವೆ. ಒಂದು ಮೈಕ್ರೋಮೋಲ್ ಎಂದರೆ ಸುಮಾರು 6 × 10¹⁷ ಫೋಟಾನು. ಕಣ್ಣು ಇಪ್ಪತ್ತಾರು ಪಟ್ಟು ವ್ಯತ್ಯಾಸ ಕಾಣುವ ಕಡೆ ಗಿಡಕ್ಕೆ ಒಂದೂವರೆ ಪಟ್ಟೂ ಇಲ್ಲ. ಆದ್ದರಿಂದ ಡಬ್ಬಿಯ ಮೇಲೆ ಇರಬೇಕಾದದ್ದು, 400ರಿಂದ 700 ನ್ಯಾನೋಮೀಟರ್ ವ್ಯಾಪ್ತಿಯಲ್ಲಿ ಸೆಕೆಂಡಿಗೆ ಎಷ್ಟು ಫೋಟಾನುಗಳು ಹೊರಡುತ್ತವೆ ಎಂಬ ಸಂಖ್ಯೆ.

ಅದಿಲ್ಲದಿದ್ದರೂ ಸ್ಥೂಲವಾಗಿ ಲೆಕ್ಕ ಹಾಕಬಹುದು. ಸಾಧಾರಣ ಬಿಳಿ ಎಲ್‌ಇಡಿ ದೀಪ ಪ್ರತಿ ವ್ಯಾಟಿಗೆ 1.5 ಮೈಕ್ರೋಮೋಲ್ ಕೊಡುತ್ತದೆ ಎಂದಿಟ್ಟುಕೊಳ್ಳಿ. 36 ವ್ಯಾಟಿಗೆ 54 ಆಯಿತು. ಅರ್ಧದಷ್ಟು ಅಕ್ಕಪಕ್ಕಕ್ಕೆ ಚೆಲ್ಲಿಹೋದರೂ 27 ಉಳಿಯುತ್ತದೆ. ತೊಟ್ಟಿಯ ತಳ 0.18 ಚದರ ಮೀಟರ್. ಅಂದರೆ ಚದರ ಮೀಟರಿಗೆ ಸೆಕೆಂಡಿಗೆ 150 ಮೈಕ್ರೋಮೋಲ್. ನೆರಳು ಬಯಸುವ ಕ್ರಿಪ್ಟೊಕೊರೈನ್, ಜಾವಾ ಫರ್ನ್, ಅನುಬಿಯಾಸ್‌ಗಳಿಗೆ 20ರಿಂದ 40 ಇದ್ದರೆ ಸಾಕೆಂಬುದು ಹವ್ಯಾಸಿಗಳ ಅನುಭವ. ಹತ್ತು ವ್ಯಾಟಿನ ದೀಪ ಧಾರಾಳವಾಗಿ ಸಾಲುತ್ತಿತ್ತು. ಕ್ರಿಪ್ಟೊಕೊರೈನ್ ಕುಲದ ಕೆಲವು ಪ್ರಭೇದಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುತ್ತವೆ. ಮರಗಳ ಕೆಳಗಿನ ಆ ಮಬ್ಬನ್ನು ನೋಡಿದವರಿಗೆ ಈ ಸಂಖ್ಯೆ ಆಶ್ಚರ್ಯ ತರಿಸದು.

ಹೆಚ್ಚು ಬೆಳಕಿದ್ದರೆ ನಷ್ಟವೇನು? ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ವಿಸರಣಗೊಳ್ಳುವ ವೇಗ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ಅನಿಲವನ್ನು ಹೊರಗಿನಿಂದ ಊಡದ ತೊಟ್ಟಿಯಲ್ಲಿ ಗಿಡದ ಕೈ ಕಟ್ಟಿಹಾಕುವುದು ಇಂಗಾಲ. ಅದರ ಮೇಲೆ ಬೆಳಕು ಸುರಿದರೆ ಲಾಭ ಪಾಚಿಗೆ.

ಅಂಗಡಿಗಳಲ್ಲಿ ನೇರಳೆ ಬಣ್ಣದ ಇನ್ನೊಂದು ದೀಪವೂ ಸಿಗುತ್ತದೆ, ಬರೀ ಕೆಂಪು ಮತ್ತು ನೀಲಿ ಡಯೋಡುಗಳದ್ದು. ಗಿಡ ಹಸಿರು ಬೆಳಕನ್ನು ಬಳಸುವುದಿಲ್ಲ, ಅದು ದಂಡ ಎಂಬುದು ಮಾರುವವರ ವಾದ. ಇದರ ಮೂಲ ನಮ್ಮದೇ ಕರಿಹಲಗೆ ಎಂದು ಒಪ್ಪಿಕೊಳ್ಳಬೇಕು. ನಾವು ಬರೆಯುವ ಎರಡು ಶಿಖರಗಳ ನಕ್ಷೆ, ದ್ರಾವಕದಲ್ಲಿ ಕರಗಿಸಿ ತೆಗೆದ ಪತ್ರಹರಿತ್ತಿನದು, ಇಡೀ ಎಲೆಯದಲ್ಲ. ಎಲೆಯೊಳಗೆ ಹಸಿರು ಬೆಳಕು ಅತ್ತಿತ್ತ ಚದರಿ ಬಹುಪಾಲು ಹೀರಲ್ಪಡುತ್ತದೆ. 1972ರಲ್ಲಿ ಮೆಕ್ರೀ 22 ಬೆಳೆ ಸಸ್ಯಗಳ ಮೇಲೆ ನಡೆಸಿದ ಅಳತೆಗಳಲ್ಲಿ ಹಸಿರು ಬೆಳಕೂ ದ್ಯುತಿಸಂಶ್ಲೇಷಣೆಗೆ ಚೆನ್ನಾಗಿಯೇ ಒದಗಿತು. ಹಾಗೆಂದು ನೇರಳೆ ದೀಪ ಮೋಸವಲ್ಲ. ಕೆಂಪು ಡಯೋಡು ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಫೋಟಾನು ಕೊಡುತ್ತದೆ. ಆದರೆ ಆ ಬೆಳಕಿನಲ್ಲಿ ಎಲೆ ಕಪ್ಪಾಗಿ ಕಾಣುವುದರಿಂದ ಅದು ಹಳದಿಗೆ ತಿರುಗಿದ್ದು ಗೊತ್ತಾಗುವುದಿಲ್ಲ. ಪಾಠಕ್ಕೆಂದು ಇಟ್ಟ ತೊಟ್ಟಿಗೆ ಇದು ದೊಡ್ಡ ಕೊರತೆ. ಕೆಂಪು ಬೆಳಕು ನೀರಿನಲ್ಲಿ ಇಳಿಯದು ಎಂಬ ಮಾತು ಸಮುದ್ರಕ್ಕೆ ನಿಜ, 30 ಸೆಂ.ಮೀ. ನೀರಿನಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಕಳೆದುಹೋಗುತ್ತದೆ.

ಶಾಲೆಯವರು ಎರಡನೆಯ ದೀಪ ಕೊಳ್ಳಲಿಲ್ಲ. ಇದ್ದುದನ್ನೇ ಒಂದು ಅಡಿ ಮೇಲಕ್ಕೆ ಕಟ್ಟಿ, ಏಳು ಗಂಟೆಗೆ ಇಳಿಸಿದರು. ಎರಡು ತಿಂಗಳಲ್ಲಿ ಬಂದ ಹೊಸ ಎಲೆಗಳು ಶುಭ್ರವಾಗಿದ್ದವು.

ಕೊಳ್ಳುವ ಮೊದಲೇ ಪರೀಕ್ಷಿಸಬೇಕೆನ್ನುವವರು ಖಾಲಿ ತೊಟ್ಟಿಯ ತಳದಲ್ಲಿ ಲಕ್ಸ್ ಮೀಟರ್ ಇಟ್ಟು, ಬಂದ ಸಂಖ್ಯೆಯನ್ನು 67ರಿಂದ ಭಾಗಿಸಿದರೆ ಮೈಕ್ರೋಮೋಲ್ ಅಂದಾಜು ಸಿಗುತ್ತದೆ. ಇದು ಬಿಳಿ ಎಲ್‌ಇಡಿಗೆ ಮಾತ್ರ, ನೇರಳೆ ದೀಪಕ್ಕೆ ಸಲ್ಲದು. ಮೀಟರ್ ಇಲ್ಲದ ಶಾಲೆಯಲ್ಲೂ ಬೀಕರು, ಆಲಿಕೆ, ಪ್ರನಾಳ, ಹೈಡ್ರಿಲ್ಲಾ ಇದ್ದೇ ಇರುತ್ತವೆ. ದೀಪವನ್ನು ಹಂತಹಂತವಾಗಿ ಹತ್ತಿರ ತಂದು, ನಿಮಿಷಕ್ಕೆ ಏಳುವ ಗುಳ್ಳೆಗಳನ್ನು ಎಣಿಸಿ. ಒಂದು ಹಂತದ ನಂತರ ಎಣಿಕೆ ಏರದೆ ನಿಲ್ಲುತ್ತದೆ. ಆಗ ಬೀಕರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ದೀಪವನ್ನು ಅಲ್ಲಿಯೇ ಬಿಟ್ಟು, ಐದು ನಿಮಿಷ ಕಾದು ಮತ್ತೆ ಎಣಿಸಿ.